ರೈಲು ಹೋಯಿತು... ಅವಳಿರಲಿಲ್ಲ!

ಜಪಾನಿನ ಬೊಂಬೆ ಚಿತ್ರ ನೋಡಿ ಹೊಳವನಹಳ್ಳಿಯ ಅಭಿಮಾನಿಯೊಬ್ಬ ಕಣ್ಣೀರಿಟ್ಟ ಕಥೆ ಇದು. ಆದರೆ ಆ ಕಣ್ಣೀರು ಯಾರಿಗಾಗಿ?

ರೈಲ್ವೆ ಗೇಟು. ಬೆಳಗಿನ ಹೊತ್ತು. ಚೆರ್ರಿ ಹೂವಿನ ಎಸಳುಗಳು ಗಾಳಿಯಲ್ಲಿ ತೇಲಿಕೊಂಡು ಬೀಳುತ್ತಿವೆ. ಅವನು ಇತ್ತ ಕಡೆಯಿಂದ, ಅವಳು ಅತ್ತ ಕಡೆಯಿಂದ ನಡೆದು ಬರುತ್ತಿದ್ದಾರೆ. ಹಳಿಯ ನಡುವೆ ಒಬ್ಬರನ್ನೊಬ್ಬರು ದಾಟುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಅವನಿಗೆ ಎದೆಯಲ್ಲಿ ಏನೋ ಝುಮ್ಮೆನ್ನುತ್ತದೆ. ಈಗ ತಿರುಗಿದರೆ ಅವಳೂ ಖಂಡಿತ ತಿರುಗುತ್ತಾಳೆ ಎಂದು ಮನಸ್ಸು ಹೇಳುತ್ತದೆ. ತಿರುಗುತ್ತಾನೆ. ಅವಳ ಮುಖ ಇನ್ನೇನು ಕಾಣಬೇಕು, ಅಷ್ಟರಲ್ಲಿ ಧಡಧಡ ಎಂದು ರೈಲು! ಅದು ಹೋಯಿತು ಎನ್ನುವಾಗ ಎದುರಿನಿಂದ ಇನ್ನೊಂದು!

ರೈಲು ಹೋಯಿತು. ಗೇಟಿನ ಆಚೆ ಯಾರೂ ಇರಲಿಲ್ಲ.

ನಮ್ಮ ಚಿತ್ರವಾಗಿದ್ದರೆ ಏನಾಗುತ್ತಿತ್ತು, ನೀವೇ ಹೇಳಿ. ನಾಯಕಿ ಅಲ್ಲೇ ನಿಂತಿರುತ್ತಿದ್ದಳು. ಪಿಟೀಲು ಮೊಳಗುತ್ತಿತ್ತು. ಓಡಿ ಬಂದು ಅಪ್ಪಿಕೊಳ್ಳುತ್ತಿದ್ದರು. ‘ಶುಭಂ’ ಎಂದು ತೆರೆಯ ಮೇಲೆ ಅಕ್ಷರ ಬೀಳುತ್ತಿತ್ತು, ನಾವೆಲ್ಲ ಶಿಳ್ಳೆ ಹಾಕಿ ಹೊರಗೆ ಬಂದು ಟೀ ಕುಡಿಯುತ್ತಿದ್ದೆವು. ಇಲ್ಲಿ ಹಾಗಾಗಲಿಲ್ಲ. ಅವನು ಒಂದು ಕ್ಷಣ ನಿಂತ. ಸಣ್ಣಗೆ ನಕ್ಕ. ತಿರುಗಿ ತನ್ನ ದಾರಿ ಹಿಡಿದ. ಚಿತ್ರ ಮುಗಿಯಿತು!

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ರೈಲಿನ ಡ್ರೈವರ್ ಸಿಕ್ಕಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಆ ಮೇಲೆ ರಾತ್ರಿಯೆಲ್ಲಾ ನಿದ್ದೆ ಇಲ್ಲ.

‘ಕಾರ್ಟೂನ್ ಅಲ್ಲ ಕಣ್ಲಾ!’

ಜಪಾನೀಯರು ತಮ್ಮ ಆನಿಮೇಷನ್ ಚಿತ್ರಗಳನ್ನು ಚಿಕ್ಕದಾಗಿ ‘ಅನಿಮೆ’ ಎನ್ನುತ್ತಾರೆ. ಕೊರಟಗೆರೆ ತಾಲೂಕಿನಲ್ಲಿ, ಜಯಮಂಗಲಿ ದಂಡೆಯ ನಮ್ಮ ಹೊಳವನಹಳ್ಳಿಯಲ್ಲಿ ಕೂತ ನನ್ನಂಥವನಿಗೆ ಅದು ಸಿಕ್ಕಿದ್ದು ಮೊಬೈಲ್ ಅಂಗಡಿಯ ಗೆಳೆಯನೊಬ್ಬನಿಂದ. ಮೀಸೆ ಬಂದ ಗಂಡಸು ಕಾರ್ಟೂನ್ ನೋಡುವುದೇ ಎಂದು ನಾನು ಮೂಗು ಮುರಿದೆ. “ಕಾರ್ಟೂನ್ ಅಲ್ಲ ಕಣ್ಲಾ, ಒಂದೇ ಒಂದ್ ಗಂಟೆ ಪಿಕ್ಚರ್ರು. ಅಳ್ದೇ ಇದ್ರೆ ನನ್ನ ಹೆಸ್ರು ಬದ್ಲಾಯ್ಸು” ಎಂದು ಮೆಮೊರಿ ಕಾರ್ಡಿಗೆ ಹಾಕಿಕೊಟ್ಟ. ಅವನ ಹೆಸರು ಇವತ್ತಿಗೂ ಅದೇ ಇದೆ.

ಮಾತು ಜಪಾನಿ. ಕೆಳಗೆ ಇಂಗ್ಲಿಷ್ ಅಕ್ಷರ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು ನಾನು. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಸೀನೇ ಹೋಗಿರುತ್ತಿತ್ತು. ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ನಿಲ್ಲಿಸಿ... ಒಂದು ಗಂಟೆಯ ಚಿತ್ರಕ್ಕೆ ಮೂರು ಗಂಟೆ ಹಿಡಿಯಿತು.

ಚಿತ್ರದ ಹೆಸರು ‘ಫೈವ್ ಸೆಂಟಿಮೀಟರ್ಸ್ ಪರ್ ಸೆಕೆಂಡ್’. ಜಪಾನಿನಲ್ಲಿ ತೆರೆಕಂಡಿದ್ದು 2007ರ ಮಾರ್ಚಿಯಲ್ಲಿ. ನಿರ್ದೇಶಕ ಮಕೋತೊ ಶಿಂಕಾಯ್. ಚೆರ್ರಿ ಹೂವಿನ ಎಸಳು ನೆಲಕ್ಕೆ ಬೀಳುವ ವೇಗ ಸೆಕೆಂಡಿಗೆ ಐದು ಸೆಂಟಿಮೀಟರ್ ಎಂದು ಪುಟ್ಟ ನಾಯಕಿ ಅಕಾರಿ ಮೊದಲ ದೃಶ್ಯದಲ್ಲೇ ನಾಯಕ ತಕಾಕಿಗೆ ಹೇಳುತ್ತಾಳೆ. ಹೆಸರು ಬಂದದ್ದು ಅಲ್ಲಿಂದ. ನಾನೂ ಕೂತು ಲೆಕ್ಕ ಹಾಕಿದೆ. ನಿಮಿಷಕ್ಕೆ 3 ಮೀಟರ್, ಗಂಟೆಗೆ 180 ಮೀಟರ್. ಆ ವೇಗದಲ್ಲಿ ಒಬ್ಬ ಮನುಷ್ಯ ನಮ್ಮಿಂದ ಹತ್ತು ಕಿಲೋಮೀಟರ್ ದೂರವಾಗಲು ಎರಡು ದಿನದ ಮೇಲೆ ಏಳೂವರೆ ಗಂಟೆ ಬೇಕು. ಕಣ್ಣಿಗೆ ಕಾಣದಷ್ಟು ನಿಧಾನ! ದೂರವಾಗುತ್ತಿದ್ದಾರೆ ಎಂದು ಗೊತ್ತಾಗುವ ಹೊತ್ತಿಗೆ ಹತ್ತು ಕಿಲೋಮೀಟರ್ ಆಗಿಹೋಗಿರುತ್ತದೆ.

ಖಳನಾಯಕನಿಲ್ಲದ ವಿರಹ

ಕಥೆ ಬಹಳ ಸಣ್ಣದು. ಟೋಕಿಯೋದ ಪ್ರಾಥಮಿಕ ಶಾಲೆಯಲ್ಲಿ ಜೊತೆಯಾಗಿ ಓದಿದ ಹುಡುಗ, ಹುಡುಗಿ. ಅವಳ ಮನೆಯವರು ತೊಚಿಗಿ ಎಂಬ ಕಡೆಗೆ ಹೋಗುತ್ತಾರೆ. ಕಾಗದ ಬರೆದುಕೊಳ್ಳುತ್ತಾರೆ. ಆ ಮೇಲೆ ಅವನ ಮನೆಯವರೂ ದೂರದ ದಕ್ಷಿಣಕ್ಕೆ, ಕಾಗೊಶಿಮಾ ಕಡೆಗೆ ಹೊರಡುವ ಪ್ರಸಂಗ ಬರುತ್ತದೆ. ಹೋಗುವ ಮುಂಚೆ ಒಂದು ಸಲ ನೋಡೋಣವೆಂದು ಆ ಹುಡುಗ ರೈಲು ಬದಲಾಯಿಸುತ್ತಾ ಇವಾಫುನೆ ಎಂಬ ಸಣ್ಣ ಸ್ಟೇಷನ್ನಿಗೆ ಹೊರಡುತ್ತಾನೆ. ಸಂಜೆ ಏಳಕ್ಕೆ ಭೇಟಿ. ಹಿಮ ಸುರಿಯುತ್ತದೆ. ರೈಲು ನಿಲ್ಲುತ್ತದೆ, ಹೊರಡುತ್ತದೆ, ಬಯಲ ನಡುವೆ ಮತ್ತೆ ನಿಲ್ಲುತ್ತದೆ. ಅವಳಿಗೆ ಕೊಡಲು ಬರೆದ ಕಾಗದ ಪ್ಲಾಟ್‌ಫಾರಂನಲ್ಲಿ ಗಾಳಿಗೆ ಹಾರಿಹೋಗುತ್ತದೆ. ಅವನು ತಲುಪಿದಾಗ ರಾತ್ರಿ ಹನ್ನೊಂದು ದಾಟಿದೆ. ಅವಳು ಒಲೆಯ ಪಕ್ಕ ತಲೆ ತಗ್ಗಿಸಿ ಕೂತೇ ಇದ್ದಾಳೆ!

ನೋಡಿ, ಇಲ್ಲಿ ಬೈಯುವುದಕ್ಕೆ ಒಬ್ಬ ಮನುಷ್ಯ ಸಿಗುವುದಿಲ್ಲ. ನಮ್ಮ ಚಿತ್ರಗಳಲ್ಲಿ ಪ್ರೇಮಿಗಳನ್ನು ಅಗಲಿಸಲು ಯಾರಾದರೂ ಇರಲೇಬೇಕು. ಒಪ್ಪದ ಅಪ್ಪ, ಸಾಹುಕಾರ, ಜಾತಿ, ಕಾಯಿಲೆ, ಇಲ್ಲವೇ ಮೊದಲೇ ನಿಶ್ಚಯವಾದ ಮದುವೆ. ‘ಮುಂಗಾರು ಮಳೆ’ಯ ಪ್ರೀತಮ್‌ಗೆ ನಂದಿನಿಯ ಮದುವೆ ಅಡ್ಡ ಬಂತು. ಅವನು ತ್ಯಾಗ ಮಾಡಿದ, ದೇವದಾಸನೆಂಬ ಮೊಲವೂ ಸತ್ತಿತು, ನಾವು ಗೊಳೋ ಎಂದು ಅತ್ತೆವು. ಅಳುವುದಕ್ಕೆ ಕಾರಣ ಕಣ್ಣ ಮುಂದೆ ಇತ್ತು.

ಶಿಂಕಾಯ್ ಚಿತ್ರಗಳಲ್ಲಿ ಖಳನಾಯಕನ ಪಾತ್ರ ಮಾಡುವುದು ರೈಲಿನ ವೇಳಾಪಟ್ಟಿ, ಹಿಮ, ಮನೆ ಬದಲಾವಣೆ, ವಯಸ್ಸು. 2002ರಲ್ಲಿ ಅವರು ಬಹುಪಾಲು ಒಬ್ಬರೇ ಮನೆಯ ಕಂಪ್ಯೂಟರಿನಲ್ಲಿ ಕೂತು ಮಾಡಿದ 25 ನಿಮಿಷದ ‘ವಾಯ್ಸಸ್ ಆಫ್ ಎ ಡಿಸ್ಟಂಟ್ ಸ್ಟಾರ್’ ನೋಡಿ. ಶಾಲೆಯ ಹುಡುಗಿ ಮಿಕಾಕೊ ಬಾಹ್ಯಾಕಾಶ ಸೇನೆಗೆ ಸೇರಿ ಹೋಗುತ್ತಾಳೆ. ಹುಡುಗ ಭೂಮಿಯಲ್ಲಿ. ಇಬ್ಬರ ನಡುವೆ ಇರುವುದು ಮೊಬೈಲ್ ಸಂದೇಶ ಮಾತ್ರ. ಅವಳು ದೂರ ಹೋದಷ್ಟೂ ಸಂದೇಶ ತಲುಪುವುದು ತಡವಾಗುತ್ತದೆ. ಕಡೆಗೆ ಒಂದು ಮೆಸೇಜು ಬರಲು ಎಂಟೂವರೆ ವರ್ಷದ ಮೇಲಾಗುತ್ತದೆ. ಹದಿನೈದರ ಹುಡುಗಿ ಬರೆದದ್ದನ್ನು ಇಪ್ಪತ್ತನಾಲ್ಕರ ಗಂಡಸು ಓದುತ್ತಾನೆ! ಇದಕ್ಕಿಂತ ಕ್ರೂರವಾದ ಖಳನಾಯಕನನ್ನು ನಮ್ಮ ಯಾವ ಕಥೆಗಾರ ಹುಟ್ಟಿಸಿದ್ದಾನೆ?

ವಿರಹ ನಮಗೇನೂ ಹೊಸತಲ್ಲ. ರಾಮಾಯಣಕ್ಕಿಂತ ದೊಡ್ಡ ವಿರಹದ ಕಥೆ ಉಂಟೆ? ಅದನ್ನೂ ಜಪಾನೀಯರು ಅನಿಮೆ ಮಾಡಿದ್ದಾರೆ. ಯುಗೊ ಸಾಕೊ ಎಂಬ ಜಪಾನೀಯನೂ ನಮ್ಮ ದೇಶದ ರಾಮ್ ಮೋಹನ್ ಅವರೂ ಸೇರಿ ತೊಂಬತ್ತರ ದಶಕದ ಆರಂಭದಲ್ಲಿ ತಯಾರಿಸಿದ ‘ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಹೊಸ ರೂಪದಲ್ಲಿ 2025ರ ಜನವರಿಯಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. ಅಲ್ಲಿ ಸೀತೆಗೂ ರಾಮನಿಗೂ ನಡುವೆ ಸಮುದ್ರವೇ ಇತ್ತು. ಆದರೇನು, ಉಂಗುರ ಒಯ್ಯಲು ಹನುಮಂತನಿದ್ದ, ಸೇತುವೆ ಕಟ್ಟಲು ವಾನರ ಸೇನೆ ಇತ್ತು, ಕೊಲ್ಲಲು ರಾವಣನಿದ್ದ. ತಕಾಕಿಗೆ ಇವರಲ್ಲಿ ಯಾರೂ ಇಲ್ಲ. ಅವನ ಕಾಗದವನ್ನು ಗಾಳಿ ತಿಂದಿತು, ಅಷ್ಟೆ.

ನಮ್ಮ ಕಾಲದ ಹುಡುಗರ ಪಾಡೂ ಇದೇ ಅಲ್ಲವೆ? ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡದಿಂದ ಪ್ರತಿದಿನ ಬೆಳಿಗ್ಗೆ ಬಸ್ಸು ಹತ್ತಿ ಹೋಗುವವರನ್ನು ಯಾವ ರಾವಣ ಹೊತ್ತುಕೊಂಡು ಹೋಗುತ್ತಾನೆ? ಕೆಲಸ, ಬಾಡಿಗೆ ರೂಮು, ನೈಟ್ ಶಿಫ್ಟು. ಮೊದಲ ತಿಂಗಳು ದಿನಾ ಫೋನು, ಆರನೆಯ ತಿಂಗಳು ಹಬ್ಬಕ್ಕೆ ಒಂದು ಫೋಟೋ, ಎರಡನೆಯ ವರ್ಷ ನಂಬರೇ ಬದಲು.

ಅಮ್ಮ ಕೇಳಿದ ಒಂದು ಪ್ರಶ್ನೆ

ಈಗ ಬರುತ್ತದೆ ಅಸಲು ವಿಷಯ. ಇಂಥ ಚಿತ್ರ ನೋಡಿದ ಹುಡುಗರು ಏನು ಮಾಡುತ್ತಾರೆ? ತಾನೇ ತಕಾಕಿ ಎಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ. ಸುಳ್ಳೇಕೆ ಹೇಳಲಿ?

ನನ್ನದೂ ಒಂದು ಕಥೆ ಇತ್ತು. ಪಿಯುಸಿಯಲ್ಲಿ ಜೊತೆಗೆ ಓದುತ್ತಿದ್ದ ಹುಡುಗಿ. ಅವಳ ತಂದೆಗೆ ಉತ್ತರ ಕರ್ನಾಟಕದ ಕಡೆಗೆ ವರ್ಗವಾಯಿತು. ಹೋಗುವಾಗ ನಂಬರ್ ಕೊಟ್ಟು ಹೋದಳು. ನಾನು ಮೆಸೇಜ್ ಬರೆಯುತ್ತಿದ್ದೆ, ಕಳಿಸುತ್ತಿರಲಿಲ್ಲ. ನಾಳೆ ಇನ್ನೂ ಚೆನ್ನಾಗಿ ಬರೆದು ಕಳಿಸೋಣ ಎಂದು ಇಡುತ್ತಿದ್ದೆ. ಹೀಗೆ ವರ್ಷಗಳೇ ಹೋದವು. ಎದೆಯೊಳಗೆ ಒಂದು ಭಾರ, ಮುಖದ ಮೇಲೆ ಒಂದು ಗಡ್ಡ. ಅದರಲ್ಲಿ ಒಂದು ಬಗೆಯ ಸುಖವೂ ಇತ್ತು ಸ್ವಾಮೀ! ನಾನು ಸಾಮಾನ್ಯದವನಲ್ಲ, ಕಾಯುತ್ತಿರುವವನು ಎಂಬ ಸುಖ.

ಆ ಚಿತ್ರವನ್ನು ಎರಡನೆಯ ಸಲ ನೋಡುವಾಗ ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅದು ಚಿತ್ರದ ಎರಡನೆಯ ಭಾಗ. ತಕಾಕಿ ಈಗ ತನೆಗಾಶಿಮಾ ದ್ವೀಪದಲ್ಲಿದ್ದಾನೆ. ಜಪಾನಿನ ರಾಕೆಟ್ ಹಾರಿಸುವ ಜಾಗ ಅದು. ಅಲ್ಲಿ ಕನಾಯೆ ಎಂಬ ಹುಡುಗಿ ಅವನನ್ನು ಮನಸಾರೆ ಪ್ರೀತಿಸುತ್ತಾಳೆ. ಶಾಲೆ ಬಿಟ್ಟ ಮೇಲೆ ಅವನ ಜೊತೆ ಮನೆಗೆ ಹೋಗಲೆಂದು ಸ್ಕೂಟರ್ ಹತ್ತಿರ ಕಾಯುತ್ತಾಳೆ. ಅವನು ಒಳ್ಳೆಯವನೇ, ನಗುತ್ತಾನೆ, ಮಾತಾಡುತ್ತಾನೆ. ಆದರೆ ಬಿಡುವು ಸಿಕ್ಕಾಗೆಲ್ಲ ಮೊಬೈಲಿನಲ್ಲಿ ಏನೋ ಬರೆಯುತ್ತಾನೆ, ಅಳಿಸುತ್ತಾನೆ. ಆ ಸಂದೇಶಕ್ಕೆ ವಿಳಾಸವೇ ಇಲ್ಲ! ಒಂದು ಸಂಜೆ ಹೇಳಿಯೇ ಬಿಡುತ್ತೇನೆಂದು ಅವಳು ಅವನ ಅಂಗಿಯ ತುದಿ ಹಿಡಿಯುತ್ತಾಳೆ. ಬಾಯಿ ಬರುವುದಿಲ್ಲ. ಅಷ್ಟರಲ್ಲಿ ಹಿಂದೆ ರಾಕೆಟ್ ಏಳುತ್ತದೆ. ಇಬ್ಬರೂ ಆಕಾಶ ನೋಡುತ್ತಾ ನಿಂತುಬಿಡುತ್ತಾರೆ.

ಅಮ್ಮನಿಗೆ ಜಪಾನಿಯೂ ಬಾರದು, ಇಂಗ್ಲಿಷೂ ಬಾರದು. ಅವರೆಕಾಯಿಯಿಂದ ತಲೆ ಎತ್ತಿ ಕೇಳಿದರು: “ಅಲ್ಲ ಕಣ್ಲಾ, ಆ ಹುಡ್ಗಿ ಅಷ್ಟ್ ಚೆಂದಾಗಿ ಪಕ್ದಾಗೇ ನಿಂತವ್ಳೆ. ಆವಯ್ಯ ಯಾಕೆ ಮ್ಯಾಲೆ ನೋಡ್ತಾನೆ?”

ನಾನು ಉತ್ತರ ಹೇಳಲಿಲ್ಲ. ಹೇಳಲು ಇರಲಿಲ್ಲ.

ಯಾಕೆಂದರೆ ಆ ಕ್ಷಣಕ್ಕೆ ನನಗೆ ನೆನಪಾದದ್ದು ಬೇರೊಬ್ಬಳು. ಪಿಯುಸಿ ಬಿಟ್ಟ ಮೇಲೆ ತುಮಕೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೀರೋಗಳ ಹುಟ್ಟುಹಬ್ಬದ ಬ್ಯಾನರು, ಗಣಪತಿ ಬ್ಯಾನರು, ಶ್ರದ್ಧಾಂಜಲಿ, ಎಲ್ಲ ಅಲ್ಲೇ. ಬಿಲ್ ಬರೆಯುತ್ತಿದ್ದ ಹುಡುಗಿ ಕೊರಟಗೆರೆಯವಳು. ಸಂಜೆ ಬಸ್ಸಿಗೆ ನನಗಿಂತ ಹತ್ತು ನಿಮಿಷ ಮುಂಚೆ ಹೋಗುತ್ತಿದ್ದಳು. ನಾನು ಹತ್ತುವಾಗ ಕಿಟಕಿ ಪಕ್ಕದ ಒಂದು ಸೀಟಿನ ಮೇಲೆ ಅವಳ ಕರ್ಚೀಫ್ ಇರುತ್ತಿತ್ತು. ನನಗೆ ಸೀಟು. ಆ ರಶ್ಶಿನಲ್ಲಿ ಸೀಟು ಹಿಡಿದು ಕಾಪಾಡುವುದು ಎಂಥ ಯುದ್ಧ ಎಂದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ನಾನು ಕೂತು, ಥ್ಯಾಂಕ್ಸ್ ಹೇಳಿ, ಕಿಟಕಿಯಾಚೆ ನೋಡುತ್ತಾ ಫೋನ್ ತೆಗೆದು ಕಳಿಸದ ಮೆಸೇಜ್ ಬರೆಯಲು ಶುರು ಮಾಡುತ್ತಿದ್ದೆ.

ಒಂದು ದಿನ ಕೇಳಿದಳು: “ಯಾರಿಗ್ರೀ ದಿನಾ ಅಷ್ಟೊಂದು ಬರೀತೀರ?”

“ಯಾರಿಗೂ ಇಲ್ಲ” ಎಂದೆ. ಅದೊಂದೇ ನಾನು ಅವಳಿಗೆ ಹೇಳಿದ ಪೂರ್ತಿ ನಿಜ.

ಎರಡು ವರ್ಷ ಆ ಸೀಟಿನಲ್ಲಿ ಕೂತೆ. ಒಂದು ದಿನ ಅವಳು ಲಗ್ನಪತ್ರಿಕೆ ಕೈಗಿಟ್ಟು, “ಬರ್ಲೇಬೇಕು ಕಣ್ರೀ” ಎಂದಳು. ಮುಖ ನೋಡಿದೆ. ಅವಳ ಬಲಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆ ಇತ್ತು. ಅಷ್ಟು ದಿನ ಅದನ್ನು ನಾನು ನೋಡಿರಲೇ ಇಲ್ಲ! ಆ ಮದುವೆಗೂ ಹೋಗಲಿಲ್ಲ.

ಗೌರಿ, ಕನಾಯೆ, ಸುರಭಿ

ಅಮ್ಮನ ಪ್ರಶ್ನೆ ಹಿಡಿದುಕೊಂಡು ಚಿತ್ರವನ್ನು ಮೂರನೆಯ ಸಲ ನೋಡಿದೆ. ಆಗ ಅದು ಬೇರೆಯೇ ಚಿತ್ರವಾಯಿತು. ಮೂರನೆಯ ಭಾಗದಲ್ಲಿ ದೊಡ್ಡವನಾದ ತಕಾಕಿ ಟೋಕಿಯೋದಲ್ಲಿ ಪ್ರೋಗ್ರಾಮರ್. ಮೂರು ವರ್ಷ ಜೊತೆಗಿದ್ದ ಗೆಳತಿ ಕಳಿಸುವ ಕೊನೆಯ ಸಂದೇಶದ ಸಾರ ಏನೆಂದರೆ, ನಾವು ಸಾವಿರ ಸಂದೇಶ ಬರೆದುಕೊಂಡೆವು, ಆದರೂ ನಮ್ಮ ಮನಸ್ಸು ಹತ್ತಿರವಾದದ್ದು ಒಂದು ಸೆಂಟಿಮೀಟರ್ ಇರಬಹುದು. ಗಮನಿಸಿ! ಅಕಾರಿ ಎಷ್ಟೋ ಹಿಂದೆಯೇ ತನ್ನ ಬದುಕಿನ ದಾರಿ ಹಿಡಿದಿದ್ದಾಳೆ, ಬೇರೊಬ್ಬನ ಜೊತೆ ಮದುವೆಗೆ ಸಿದ್ಧಳಾಗಿದ್ದಾಳೆ. ಅವಳಿಗೂ ಆ ಹಿಮದ ರಾತ್ರಿ ನೆನಪಿದೆ. ನೆನಪಿದೆ, ಅಷ್ಟೆ. ಇವನು ಮಾತ್ರ ಅದೇ ಸ್ಟೇಷನ್ನಿನಲ್ಲಿ ಕೂತು ಪಕ್ಕದಲ್ಲಿ ಬಂದು ಕೂತವರನ್ನೆಲ್ಲಾ ಚಳಿಯಲ್ಲಿ ಬಿಟ್ಟಿದ್ದಾನೆ.

ಇದನ್ನು ನಮ್ಮವರು ಕಂಡಿರಲಿಲ್ಲವೆ? ಕಂಡಿದ್ದರು! ಶಿಂಕಾಯ್‌ಗಿಂತ ಮೂವತ್ತಮೂರು ವರ್ಷ ಮುಂಚೆಯೇ ಕಂಡಿದ್ದರು. ವಾಣಿಯವರ ಕಾದಂಬರಿ ಆಧರಿಸಿ ದೊರೈ-ಭಗವಾನ್ ಜೋಡಿ 1974ರಲ್ಲಿ ತೆರೆಗೆ ತಂದ ‘ಎರಡು ಕನಸು’ ನೆನಪಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಅವರ ರಾಮಚಂದ್ರ, ಮಂಜುಳಾ ಅವರ ಲಲಿತಾ, ಕಲ್ಪನಾ ಅವರ ಗೌರಿ. ರಾಮಚಂದ್ರ ಲಲಿತಾಳನ್ನು ಪ್ರೀತಿಸಿ ಕಳೆದುಕೊಳ್ಳುತ್ತಾನೆ, ಹಿರಿಯರ ಬಲವಂತಕ್ಕೆ ಗೌರಿಯನ್ನು ಮದುವೆಯಾಗುತ್ತಾನೆ, ಒಂದೇ ಮನೆಯಲ್ಲಿದ್ದೂ ಅವಳಿಂದ ದೂರವೇ ಉಳಿಯುತ್ತಾನೆ. ಅತ್ತ ಲಲಿತಾ ತನ್ನ ಸಂಸಾರದಲ್ಲಿ ಸುಖವಾಗಿರುವುದನ್ನು ಕಂಡ ಮೇಲೆಯೇ ಅವನ ಕಣ್ಣು ತೆರೆಯುವುದು. ಟಿವಿಯಲ್ಲಿ ಈ ಚಿತ್ರ ಬಂದಾಗೆಲ್ಲಾ ನಾನು ಹಾಡುಗಳಿಗಾಗಿ ನೋಡುತ್ತಿದ್ದೆ. ರಾಜನ್-ನಾಗೇಂದ್ರರ ಸಂಗೀತವೆಂದರೆ ಸುಮ್ಮನೆಯೆ? ಗೌರಿಗಾಗಿ ನೋಡಿದ್ದು ಮಾತ್ರ ಕನಾಯೆಯನ್ನು ನೋಡಿದ ಮೇಲೆ.

2023ರಲ್ಲಿ ಹೇಮಂತ್ ರಾವ್ ನಿರ್ದೇಶನದ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗಗಳಲ್ಲಿ ಬಂತು, ಸೆಪ್ಟೆಂಬರಿನಲ್ಲಿ ಒಂದು, ನವೆಂಬರಿನಲ್ಲಿ ಇನ್ನೊಂದು. ರಕ್ಷಿತ್ ಶೆಟ್ಟಿಯ ಮನು, ರುಕ್ಮಿಣಿ ವಸಂತ್‌ರ ಪ್ರಿಯಾ. ಸಮುದ್ರದ ಪಕ್ಕ ಒಂದು ಮನೆಯ ಆಸೆಗೆ ಬಿದ್ದು, ಬೇರೆಯವರ ಅಪರಾಧವನ್ನು ತಲೆ ಮೇಲೆ ಹೊತ್ತು ಮನು ಜೈಲಿಗೆ ಹೋಗುತ್ತಾನೆ. ಹೊರಗೆ ಬರುವ ಹೊತ್ತಿಗೆ ಪ್ರಿಯಾಳಿಗೆ ಮದುವೆ, ಸಂಸಾರ. ಎರಡನೆಯ ಭಾಗದಲ್ಲಿ ಚೈತ್ರಾ ಆಚಾರ್ ಅವರ ಸುರಭಿ ಮನುವಿಗೆ ಮನಸ್ಸು ಕೊಡುತ್ತಾಳೆ. ಆದರೆ ಮನುವಿನ ಕಣ್ಣು ಎಲ್ಲಿದೆ? ಪ್ರಿಯಾಳ ಮನೆಯ ಬಾಗಿಲ ಮೇಲೆ. ಥಿಯೇಟರಿನಲ್ಲಿ ನನ್ನ ಪಕ್ಕದವರೆಲ್ಲ ಮನುವಿಗಾಗಿ ಅತ್ತರು. ನಾನು ಸುರಭಿಗಾಗಿ ಅತ್ತೆ. ಅಮ್ಮನ ಪ್ರಶ್ನೆ ಕಿವಿಯಲ್ಲಿತ್ತು.

ಮೂರು ಚಿತ್ರ, ಎರಡು ದೇಶ, ಐವತ್ತು ವರ್ಷ. ಗೌರಿ, ಕನಾಯೆ, ಸುರಭಿ. ಪೋಸ್ಟರಿನ ಮೂಲೆಯಲ್ಲಿ ನಿಲ್ಲುವ ಹುಡುಗಿಯರು. ದೂರದಲ್ಲಿರುವವಳಿಗಾಗಿ ಕಾಯುವ ಗಂಡಸನ್ನು ನಾವು ದೊಡ್ಡ ಪ್ರೇಮಿ ಎಂದು ಹೊಗಳುತ್ತೇವೆ. ಆ ದೂರದ ಬಾಡಿಗೆಯನ್ನು ತಿಂಗಳು ತಿಂಗಳು ಕಟ್ಟುವವಳು ಹತ್ತಿರದಲ್ಲಿರುತ್ತಾಳೆ.

ಮಿತ್ಸುಹಾಳ ಕೂಗು, ಸುಝುಮೆಯ ಕುರ್ಚಿ

ಶಿಂಕಾಯ್ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನನ್ನಂಥ ಅಭಿಮಾನಿಗೆ ಸಮಾಧಾನ. 2016ರ ‘ಯುವರ್ ನೇಮ್’ ಚಿತ್ರದ ಮಿತ್ಸುಹಾ ಬೆಟ್ಟದ ನಡುವಿನ ಸಣ್ಣ ಊರಿನವಳು. ಅಲ್ಲಿ ಕೆಫೆ ಎಂದರೆ ರಸ್ತೆ ಬದಿಯ ವೆಂಡಿಂಗ್ ಮಷೀನು, ಪಕ್ಕದಲ್ಲೊಂದು ಬೆಂಚು. ಮುಂದಿನ ಜನ್ಮದಲ್ಲಾದರೂ ಟೋಕಿಯೋದ ಹುಡುಗನಾಗಿ ಹುಟ್ಟಿಸು ಎಂದು ಅವಳು ಕೂಗುವಾಗ ನನಗೆ ನಮ್ಮೂರ ಬಸ್ ಸ್ಟಾಂಡಿನ ಕಲ್ಲುಬೆಂಚು ಕಂಡಿತು. ಆ ಚಿತ್ರದಲ್ಲಿ ಹುಡುಗ ಹುಡುಗಿಯ ನಡುವೆ ಊರಿನ ದೂರದ ಜೊತೆಗೆ ಮೂರು ವರ್ಷದ ದೂರವೂ ಇದೆ. ಆದರೆ ಈ ಸಲ ಹುಡುಗ ಎದ್ದು ಹೊರಡುತ್ತಾನೆ. ಹೆಸರು ಮರೆತುಹೋದರೂ ಹುಡುಕುತ್ತಾನೆ. ಕೊನೆಗೆ ಮೆಟ್ಟಿಲ ಮೇಲೆ ದಾಟಿಹೋದವರು ತಿರುಗಿ ನಿಲ್ಲುತ್ತಾರೆ, ಬಾಯಿ ತೆರೆದು ಮಾತಾಡುತ್ತಾರೆ. ಮಧ್ಯೆ ಯಾವ ರೈಲೂ ಬರುವುದಿಲ್ಲ!

‘ವೆದರಿಂಗ್ ವಿತ್ ಯು’ 2019ರ ಅಕ್ಟೋಬರಿನಲ್ಲಿ ಭಾರತದ ಥಿಯೇಟರುಗಳಿಗೆ ಬಂದದ್ದೇ ಒಂದು ಸಾಹಸ. ಸಾವಿರಾರು ಅಭಿಮಾನಿಗಳು ಸಹಿ ಹಾಕಿ ಅರ್ಜಿ ಸಲ್ಲಿಸಿದ್ದರು. ಅಭಿಮಾನಿಗಳ ಶಕ್ತಿ ಕಡಿಮೆಯೆ? ನಾನು ಅದನ್ನು ನೋಡಲಾಗಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. 2023ರ ಏಪ್ರಿಲಿನಲ್ಲಿ ‘ಸುಝುಮೆ’ ಬಂದಾಗ ಬೆಳಗಿನ ಮೊದಲ ಬಸ್ಸಿಗೇ ಬೆಂಗಳೂರಿಗೆ ಹೋದೆ. ಮಾಲಿನ ತಣ್ಣನೆಯ ಹಾಲು, ಸುತ್ತ ಇಂಗ್ಲಿಷ್ ಮಾತಾಡುವ ಕಾಲೇಜು ಹುಡುಗ ಹುಡುಗಿಯರು. ನಾನೊಬ್ಬ ಹೊಳವನಹಳ್ಳಿಯವನು ಮೂಲೆಯಲ್ಲಿ.

ಆ ಚಿತ್ರದ ಹಿಂದೆ 2011ರ ಜಪಾನಿನ ಭೂಕಂಪ, ಸುನಾಮಿ ಇದೆ. ಸುಝುಮೆಯ ತಾಯಿ ಅದರಲ್ಲಿ ತೀರಿಕೊಂಡವಳು. ತಾಯಿ ಮಾಡಿಕೊಟ್ಟ, ಮೂರೇ ಕಾಲು ಉಳಿದ ಪುಟ್ಟ ಕುರ್ಚಿ ಹಿಡಿದು ಅವಳು ಕೊನೆಗೆ ತಲುಪುವುದು ಹಿಮದಲ್ಲಿ ಅಮ್ಮನನ್ನು ಹುಡುಕಿ ಅಳುತ್ತಿರುವ ಒಂದು ಮಗುವಿನ ಹತ್ತಿರ. ಆ ಮಗು ಅವಳೇ! ತಾಯಿ ತಿರುಗಿ ಬರುವುದಿಲ್ಲ, ಆದರೂ ನೀನು ಬೆಳೆಯುತ್ತೀಯ, ನಿನ್ನನ್ನು ಪ್ರೀತಿಸುವವರು ಸಿಗುತ್ತಾರೆ ಎಂದು ಮಗುವಿಗೆ ಸಮಾಧಾನ ಹೇಳಿ ಬರುತ್ತಾಳೆ. ಆ ಹಾಲಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಅಂದು ರಾತ್ರಿ ತಿರುಗಿ ಬರುವ ಬಸ್ಸಿನಲ್ಲಿ ಆ ಹಳೆಯ ನಂಬರನ್ನು ಅಳಿಸಿದೆ. ಅಳಿಸುವ ಮುಂಚೆ ಒಂದು ಮೆಸೇಜ್ ಕಳಿಸಿದೆ, ಈ ಸಲ ನಿಜವಾಗಿಯೂ: “ಚೆನ್ನಾಗಿದ್ದೀಯಾ ಅಂದ್ಕೊಂಡಿದ್ದೀನಿ. ಚೆನ್ನಾಗಿರು.” ಅದು ತಲುಪಿತೋ ಇಲ್ಲವೋ ನೋಡಲಿಲ್ಲ.

ರೈಲ್ವೆ ಗೇಟಿನ ಹತ್ತಿರ ತಕಾಕಿ ಯಾಕೆ ನಕ್ಕ ಎಂಬುದು ಆಗ ಅರ್ಥವಾಯಿತು. ಗೇಟಿನ ಆಚೆ ಯಾರೂ ಇಲ್ಲ, ಗೇಟು ತೆರೆದಿದೆ. ಇನ್ನು ಅವನು ಮನೆಗೆ ಹೋಗಬಹುದು.

ಅದಿರಲಿ. ಈ ಪತ್ರಿಕೆ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಕೂತಿರುವ ಗೆಳೆಯರೇ, ನಿಮ್ಮ ಫೋನಿನಲ್ಲೂ ಕಳಿಸದ ಮೆಸೇಜು ಒಂದಿರಬಹುದು. ಕಳಿಸುವುದಾದರೆ ಇವತ್ತೇ ಕಳಿಸಿ, ಬಿಡುವುದಾದರೆ ಇವತ್ತೇ ಬಿಡಿ. ಆ ಮೇಲೆ ತಲೆ ಎತ್ತಿ ಒಂದು ಸಲ ಸುತ್ತ ನೋಡಿ. ನೀವು ಕೂತಿರುವ ಸೀಟಿನ ಮೇಲೆ ಯಾರಾದರೂ ಕರ್ಚೀಫ್ ಹಾಕಿಟ್ಟಿದ್ದರೆ?